ವಾಲಿಬಾಲ್ ಗೊತ್ತಿದ್ರೆ ಬೆಟ್ ಗೆಲ್ಲಬಹುದಾ? ಲೆಕ್ಕ ಹಾಕಿ ನೋಡಿದ್ವಿ

ನಮ್ಮ ಹಾಸ್ಟೆಲ್‌ನಲ್ಲಿ ಸಂಜೆ ಐದೂವರೆ ಆಯ್ತು ಅಂದ್ರೆ ನೆಟ್ ಕಟ್ಟೋದು ವಾಡಿಕೆ. ಒಳಗೆ ಆಡೋರು ಹನ್ನೆರಡು ಜನ, ಹೊರಗೆ ನಿಂತು ಸಲಹೆ ಕೊಡೋರು ಇಪ್ಪತ್ತು ಜನ. ನಮ್ಮ ಗುಂಪಿನಲ್ಲಿ ಒಬ್ಬ ಸೆಟ್ಟರ್ ಇದ್ದಾನೆ. ಎದುರಿನವನು ಸರ್ವ್ ಮಾಡೋಕೆ ಕೈ ಎತ್ತುವಾಗಲೇ ಬಾಲ್ ಎಲ್ಲಿ ಬೀಳುತ್ತೆ ಅಂತ ಹೇಳಿಬಿಡ್ತಾನೆ. ಆಟ ಅಷ್ಟು ಚೆನ್ನಾಗಿ ಗೊತ್ತು. ಅದೇ ಹುಡುಗ ಕಳೆದ ಸೆಮಿಸ್ಟರ್‌ನಲ್ಲಿ ಎಕ್ಸಾಂ ಫೀಸ್ ಅಂತ ಮನೆಯಿಂದ ತರಿಸಿಕೊಂಡ ದುಡ್ಡನ್ನ ವಾಲಿಬಾಲ್ ಬೆಟ್‌ನಲ್ಲಿ ಕಳೆದುಕೊಂಡ. ಕೊನೇ ದಿನ ನಾವು ನಾಲ್ಕು ಜನ ಸೇರಿ ಫೀಸ್ ಕಟ್ಟಿದ್ವಿ.

"ಆಟ ನಂಗೆ ಗೊತ್ತಿತ್ತು ಕಣ್ರೋ, ಸ್ಟ್ರಾಟಜಿ ಸರಿ ಇರ್ಲಿಲ್ಲ ಅಷ್ಟೇ" ಅಂದ ಅವನು. ಬೈಯೋಣ ಅನ್ನಿಸಿತು. ಆದರೆ ಬೈದ್ರೆ ಯಾರೂ ಬಿಡಲ್ಲ ಅಂತ ನಮಗೂ ಗೊತ್ತು. ಅದಕ್ಕೇ ಅವನ ಮಾತನ್ನೇ ಒಂದು ಪ್ರಶ್ನೆ ಅಂತ ಇಟ್ಟುಕೊಂಡ್ವಿ: ಸರಿಯಾದ ಸ್ಟ್ರಾಟಜಿ ಅನ್ನೋದು ನಿಜವಾಗಲೂ ಇದೆಯಾ? ಮ್ಯಾಥ್ಸ್‌ನಲ್ಲಿ ಓದಿದ ಪ್ರಾಬಬಿಲಿಟಿ, ಒಂದು ಲ್ಯಾಪ್‌ಟಾಪ್, ಸ್ವಲ್ಪ ಪೈಥಾನ್ ಹಿಡಿದು ಕೂತ್ವಿ. ಅವನೂ ಜೊತೆಗೇ ಕೂತ. ಹೆಸರು ಹಾಕಬೇಡಿ ಅಂದಿದ್ದಾನೆ, ಹಾಕಿಲ್ಲ.

ಮೊದಲು ಆಟದ ಲೆಕ್ಕ

ಈಗಿನ ನಿಯಮದಲ್ಲಿ ಪ್ರತಿ ರ್ಯಾಲಿಗೂ ಒಂದು ಪಾಯಿಂಟ್. 25 ಪಾಯಿಂಟ್‌ಗೆ ಒಂದು ಸೆಟ್, ಐದನೇ ಸೆಟ್ ಮಾತ್ರ 15ಕ್ಕೆ. ಗೆಲ್ಲಬೇಕಾದರೆ ಎರಡು ಪಾಯಿಂಟ್ ಅಂತರ ಬೇಕು. ಮೂರು ಸೆಟ್ ಗೆದ್ದವರಿಗೆ ಪಂದ್ಯ.

ಒಂದು ತಂಡ ಇನ್ನೊಂದಕ್ಕಿಂತ ಸ್ವಲ್ಪ ಮಾತ್ರ ಚೆನ್ನಾಗಿದೆ ಅಂದುಕೊಳ್ಳಿ. ನೂರು ರ್ಯಾಲಿ ಆಡಿದರೆ 52 ಗೆಲ್ಲುತ್ತೆ. ಸರ್ವ್ ಯಾರದ್ದು ಅನ್ನೋದನ್ನ ಸದ್ಯಕ್ಕೆ ಬಿಟ್ಟುಬಿಡೋಣ. ಹೀಗೆ ಲೆಕ್ಕ ಹಾಕಿದರೆ ಆ ತಂಡ ಒಂದು ಸೆಟ್ ಗೆಲ್ಲೋ ಸಾಧ್ಯತೆ ಸುಮಾರು ಶೇ. 61, ಪೂರ್ತಿ ಪಂದ್ಯ ಗೆಲ್ಲೋದು ಸುಮಾರು ಶೇ. 70. ರ್ಯಾಲಿಯಲ್ಲಿದ್ದ ಚಿಕ್ಕ ವ್ಯತ್ಯಾಸ ಪಂದ್ಯಕ್ಕೆ ಬರೋಷ್ಟರಲ್ಲಿ ಇಷ್ಟು ದೊಡ್ಡದಾಗುತ್ತೆ. ವಾಲಿಬಾಲ್‌ನಲ್ಲಿ "ಈ ಟೀಮ್ ಪಕ್ಕಾ" ಅನ್ನಿಸೋದು ಇದೇ ಕಾರಣಕ್ಕೆ.

ಆದರೆ ಶೇ. 70 ಅಂದ್ರೆ ಹತ್ತರಲ್ಲಿ ಮೂರು ಸಲ "ಪಕ್ಕಾ" ತಂಡ ಸೋಲುತ್ತೆ ಅಂತಾನೂ ಅರ್ಥ. ಸೆಟ್ ಚಿಕ್ಕದಾದಷ್ಟೂ ಅದೃಷ್ಟದ ಪಾಲು ಜಾಸ್ತಿ. ನಮ್ಮ ಪ್ರೈಮ್ ವಾಲಿಬಾಲ್ ಲೀಗ್‌ನಲ್ಲಿ ಎಲ್ಲ ಸೆಟ್‌ಗಳೂ 15 ಪಾಯಿಂಟ್‌ನವು. ಅದೇ 52ರ ತಂಡ ಅಲ್ಲಿ ಆಡಿದರೆ ಗೆಲ್ಲೋ ಸಾಧ್ಯತೆ ಸುಮಾರು ಶೇ. 66ಕ್ಕೆ ಇಳಿಯುತ್ತೆ. ಮೇಲೆ ಸೂಪರ್ ಪಾಯಿಂಟ್ ಬೇರೆ, ಒಂದೇ ರ್ಯಾಲಿಗೆ ಎರಡು ಪಾಯಿಂಟ್. ಈ ಲೀಗ್‌ನ ಮೊದಲ ನಾಲ್ಕು ಸೀಸನ್‌ಗೆ ನಾಲ್ಕು ಬೇರೆ ಬೇರೆ ಚಾಂಪಿಯನ್‌ಗಳು: 2022ರಲ್ಲಿ ಕೋಲ್ಕತ್ತಾ, 2023ರಲ್ಲಿ ಅಹಮದಾಬಾದ್, 2024ರಲ್ಲಿ ಕ್ಯಾಲಿಕಟ್, 2025ರಲ್ಲಿ ನಮ್ಮ ಬೆಂಗಳೂರು ಟಾರ್ಪೆಡೋಸ್. ನೋಡೋಕೆ ಮಜಾ, ಹೇಳೋಕೆ ಕಷ್ಟ.

ರೇಟ್ ಒಳಗೆ ಅಡಗಿರೋದು

ಈಗ ದುಡ್ಡಿನ ಭಾಗ. ಸಮಬಲದ ಎರಡು ತಂಡಗಳಿಗೆ ರೇಟ್ ಎರಡೂ ಕಡೆ 1.85 ಅಂತ ಇಟ್ಟುಕೊಳ್ಳಿ. ಅಂದ್ರೆ 100 ರೂಪಾಯಿ ಕಟ್ಟಿ ಗೆದ್ದರೆ 185 ವಾಪಸ್. 1ನ್ನ 1.85ರಿಂದ ಭಾಗಿಸಿ: ಶೇ. 54. ಎರಡೂ ಕಡೆ ಸೇರಿಸಿದರೆ 108. ಆದರೆ ಯಾವ ಪಂದ್ಯದಲ್ಲೂ ಸಾಧ್ಯತೆಗಳ ಮೊತ್ತ 100 ದಾಟೋಕೆ ಆಗಲ್ವಲ್ಲ? ಆ ಮೇಲಿನ 8 ಬುಕ್ಕಿಯ ಪಾಲು. ಅರ್ಧಕ್ಕರ್ಧ ಸರಿಯಾಗಿ ಹೇಳಿದರೂ ಪ್ರತಿ 100ಕ್ಕೆ ಸರಾಸರಿ ಏಳೂವರೆ ರೂಪಾಯಿ ಹೋಗ್ತಾನೇ ಇರುತ್ತೆ.

"ಹಾಗಾದ್ರೆ ಗಟ್ಟಿ ತಂಡದ ಮೇಲೆ ಮಾತ್ರ ಕಟ್ಟೋದು" ಅಂದ ನಮ್ಮ ಸೆಟ್ಟರ್. ಸರಿ. ನಮ್ಮ ಶೇ. 70ರ ತಂಡಕ್ಕೆ 1.35, ಎದುರಾಳಿಗೆ 3.00 ರೇಟ್ ಇದೆ ಅನ್ನೋಣ. 0.70 × 1.35 = 0.945. ಗಟ್ಟಿ ತಂಡಕ್ಕೆ 100 ಕಟ್ಟಿದರೆ ಸರಾಸರಿ ಐದೂವರೆ ರೂಪಾಯಿ ನಷ್ಟ. 0.30 × 3.00 = 0.90. ದುರ್ಬಲ ತಂಡಕ್ಕೆ ಕಟ್ಟಿದರೆ ಹತ್ತು ರೂಪಾಯಿ ನಷ್ಟ. ಒಂದೇ ಪಂದ್ಯದಲ್ಲಿ ಎರಡು ಕಡೆಯೂ ನಷ್ಟ! ಇದನ್ನ ನೋಡಿ ಅವನು ಒಂದು ನಿಮಿಷ ಸುಮ್ಮನಾದ.

ಇಲ್ಲೇ ನಮಗೆ ಅಸಲಿ ವಿಷಯ ಅರ್ಥ ಆಗಿದ್ದು. ಯಾರು ಗೆಲ್ತಾರೆ ಅಂತ ಗೊತ್ತಿದ್ರೆ ಸಾಲಲ್ಲ. ರೇಟ್ ಹಾಕಿದವನಿಗಿಂತ ಚೆನ್ನಾಗಿ ಗೊತ್ತಿರಬೇಕು, ಅದೂ ಅವನ ಪಾಲು ಕಳೆದ ಮೇಲೂ ಉಳಿಯುವಷ್ಟು. ಸೆಟ್ಟರ್‌ಗೆ ಗಾಯ ಆಗಿದೆ, ರಿಸೀವ್ ವೀಕ್ ಇದೆ, ನಿನ್ನೆ ತಾನೇ ಐದು ಸೆಟ್ ಆಡಿದ್ದಾರೆ, ಇವೆಲ್ಲ ನಮಗೆ ಗೊತ್ತಾಗೋ ಹೊತ್ತಿಗೆ ಅವನಿಗೂ ಗೊತ್ತಾಗಿರುತ್ತೆ. ರೇಟ್ ಆಗಲೇ ಬದಲಾಗಿರುತ್ತೆ.

ಮೂರು ಫೇಮಸ್ ಸ್ಟ್ರಾಟಜಿಗಳು

ಒಂದು, ಡಬಲ್ ಮಾಡೋದು. ಸೋತರೆ ಮುಂದಿನ ಸಲ ಎರಡರಷ್ಟು, ಒಂದು ಸಲ ಗೆದ್ದರೆ ಎಲ್ಲಾ ವಾಪಸ್ ಅನ್ನೋ ನಂಬಿಕೆ. 1.85 ರೇಟ್‌ನಲ್ಲಿ ಲೆಕ್ಕ ಹಾಕಿ. 100, 200, 400 ಮೂರೂ ಹೋಯ್ತು, ಒಟ್ಟು 700. ನಾಲ್ಕನೇದಕ್ಕೆ 800 ಕಟ್ಟಿ ಗೆದ್ರಿ, ಲಾಭ 680. ಗೆದ್ದ ಮೇಲೂ 20 ರೂಪಾಯಿ ಸಾಲ! ಸತತ ಆರು ಸೋತರೆ 6,300 ಹೋಗಿರುತ್ತೆ. ಎಕ್ಸಾಂ ಫೀಸ್ ಹೋಗಿದ್ದು ಈ ದಾರಿಯಲ್ಲೇ.

ಎರಡು, ನಾಲ್ಕು "ಪಕ್ಕಾ" ಪಂದ್ಯ ಸೇರಿಸಿ ಒಂದೇ ಬೆಟ್. 1.35ರ ನಾಲ್ಕು ರೇಟ್ ಗುಣಿಸಿದರೆ 3.32, ನೂರಕ್ಕೆ 332 ಅಂತ ಆಸೆ ಹುಟ್ಟುತ್ತೆ. ಆದರೆ ನಾಲ್ಕೂ ಗೆಲ್ಲೋ ಸಾಧ್ಯತೆ 0.7ರ ನಾಲ್ಕನೇ ಘಾತ, ಅಂದ್ರೆ ಶೇ. 24. ಗುಣಿಸಿ ನೋಡಿದರೆ ನೂರಕ್ಕೆ ಸರಾಸರಿ 80 ಮಾತ್ರ ವಾಪಸ್. ಒಂದೊಂದಾಗಿ ಕಟ್ಟಿದ್ರೆ ಐದೂವರೆ ಇದ್ದ ನಷ್ಟ ಇಲ್ಲಿ ಇಪ್ಪತ್ತು.

ಮೂರು, ಟಿಪ್ಸ್ ಕೊಡೋ ಚಾನೆಲ್‌ಗಳು. "ಕಳೆದ 20ರಲ್ಲಿ 14 ಸರಿ" ಅಂತ ಸ್ಕ್ರೀನ್‌ಶಾಟ್ ಹಾಕ್ತಾರೆ. ನಮ್ಮ ಹಾಸ್ಟೆಲ್‌ನ ನೂರು ಜನರನ್ನ ಕರೆದು ಇಪ್ಪತ್ತು ಸಲ ನಾಣ್ಯ ಚಿಮ್ಮಿಸಿ ಊಹೆ ಮಾಡಿಸಿದರೂ ಸುಮಾರು ಆರು ಜನ 14 ಅಥವಾ ಅದಕ್ಕಿಂತ ಹೆಚ್ಚು ಸರಿ ಹೇಳ್ತಾರೆ. ಆ ಆರು ಜನ ಚಾನೆಲ್ ಶುರು ಮಾಡ್ತಾರೆ, ಉಳಿದ 94 ಜನ ನಮಗೆ ಕಾಣಲ್ಲ.

ನಿಜವಾದ ಸೂತ್ರ ಏನು ಹೇಳುತ್ತೆ

ಹಾಗಂತ ಗಣಿತದಲ್ಲಿ ಸೂತ್ರವೇ ಇಲ್ಲ ಅಂತಲ್ಲ. 1956ರಲ್ಲಿ ಬೆಲ್ ಲ್ಯಾಬ್ಸ್‌ನ ಜಾನ್ ಕೆಲ್ಲಿ ಒಂದು ಸೂತ್ರ ಕೊಟ್ಟರು. ಗೆಲ್ಲೋ ಸಾಧ್ಯತೆಯನ್ನ ರೇಟ್‌ನಿಂದ ಗುಣಿಸಿ, 1 ಕಳೆದು, ಬಂದದ್ದನ್ನ "ರೇಟ್ ಮೈನಸ್ 1"ರಿಂದ ಭಾಗಿಸಬೇಕು. ನಿಮ್ಮ ಹತ್ತಿರ ಇರೋ ದುಡ್ಡಿನಲ್ಲಿ ಎಷ್ಟು ಭಾಗ ಕಟ್ಟಬಹುದು ಅನ್ನೋದು ಉತ್ತರ.

ಶೇ. 70, ರೇಟ್ 1.35 ಹಾಕಿದ್ವಿ. ಉತ್ತರ ಮೈನಸ್ 0.16. ಮೈನಸ್ ಬಂದ್ರೆ ಅರ್ಥ ಒಂದೇ: ಒಂದು ರೂಪಾಯಿಯೂ ಕಟ್ಟಬೇಡ. ಆದರೆ ಅದೇ ತಂಡ ಶೇ. 80 ಗೆಲ್ಲುತ್ತೆ ಅಂತ ನಾವು ಜಂಬದಲ್ಲಿ ಅಂದುಕೊಂಡ್ರೆ, ಅದೇ ಸೂತ್ರ "ಶೇ. 23 ಕಟ್ಟು" ಅನ್ನುತ್ತೆ. ಸೂತ್ರಕ್ಕೆ ನಮ್ಮ ಜಂಬ ಗೊತ್ತಾಗಲ್ಲ. ಹತ್ತು ಪರ್ಸೆಂಟ್ ಅತಿ ವಿಶ್ವಾಸಕ್ಕೂ ಖಾಲಿ ಜೇಬಿಗೂ ಇರೋ ದೂರ ಇಷ್ಟೇ. ಬುದ್ಧಿವಂತಿಕೆಯಿಂದ ಬೆಟ್ ಕಟ್ಟೋದು ಹೇಗೆ ಅಂತ ಕೇಳಿದ್ವಿ, ಪ್ರಾಮಾಣಿಕವಾಗಿ ಲೆಕ್ಕ ಮಾಡಿದಾಗ ನಮಗೆ ಸಿಕ್ಕ ಉತ್ತರ ಸೊನ್ನೆ.

ಇದರ ಮೇಲೆ ಕಾನೂನು ಬೇರೆ ಇದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನ ನಿಷೇಧಿಸುತ್ತದೆ. ಕಳ್ಳ ಸೈಟ್‌ಗಳು ಗೆದ್ದ ದುಡ್ಡು ಕೊಡದೇ ಹೋದರೆ ಯಾರ ಹತ್ತಿರ ಹೋಗಿ ಜಗಳ ಆಡ್ತೀರಾ?

ಮತ್ತೆ ಏನು ಮಾಡೋದು?

ಬೆಟ್‌ನಲ್ಲಿ ನಿಜವಾಗಿ ಮಜಾ ಕೊಡೋದು "ನಾನು ಹೇಳಿದ್ನಾ ಇಲ್ವಾ" ಅನ್ನೋ ಮಾತು. ಅದಕ್ಕೆ ದುಡ್ಡು ಬೇಕಾಗಿಲ್ಲ. ನಾವು ರೂಮಿನ ಬಾಗಿಲ ಹಿಂದೆ ಒಂದು ಚಾರ್ಟ್ ಅಂಟಿಸಿದ್ದೀವಿ. ಪಂದ್ಯಕ್ಕೆ ಮುಂಚೆ ಪ್ರತಿಯೊಬ್ಬರೂ ಶೇಕಡಾವಾರು ಬರೀಬೇಕು. ಶೇ. 70 ಅಂತ ಬರೆದು ಆ ತಂಡ ಗೆದ್ದರೆ ತಪ್ಪು 0.3, ಅದರ ವರ್ಗ 0.09. ಸೋತರೆ 0.7ರ ವರ್ಗ, 0.49. ಕೊನೆಗೆ ಸರಾಸರಿ ಕಡಿಮೆ ಇರೋನು ಗೆದ್ದ. ಇದಕ್ಕೆ ಬ್ರಯರ್ ಸ್ಕೋರ್ ಅಂತಾರೆ, ಹವಾಮಾನ ಮುನ್ಸೂಚನೆಯನ್ನ ಅಳೆಯೋಕೆ ಬಂದ ವಿಧಾನ. ಏನೂ ಗೊತ್ತಿಲ್ಲದವನು ಎಲ್ಲದಕ್ಕೂ 50 ಅಂತ ಬರೆದರೆ 0.25 ಬರುತ್ತೆ. ಅದಕ್ಕಿಂತ ಕೆಳಗೆ ಬರೋದು ಎಷ್ಟು ಕಷ್ಟ ಅಂತ ನೀವೇ ಒಂದು ತಿಂಗಳು ಮಾಡಿ ನೋಡಿ.

ಈಗಾಗಲೇ ದುಡ್ಡು ಹಾಕಿ ಸಿಕ್ಕಿಕೊಂಡಿದ್ರೆ, ಕಳೆದದ್ದನ್ನ ವಾಪಸ್ ಗೆಲ್ಲೋಕೆ ಹೋಗಬೇಡಿ, ಮೊದಲು ಯಾರಿಗಾದ್ರೂ ಹೇಳಿ. ನಮ್ಮವನು ಹೇಳೋಕೆ ತಡ ಮಾಡಿದ್ದಕ್ಕೇ ಅಷ್ಟು ಹೋಯ್ತು. ಫ್ರೆಂಡ್ಸ್‌ಗೆ ಹೇಳೋಕೆ ಮುಜುಗರ ಆದ್ರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.

ಅಂದ ಹಾಗೆ, ಈ ತಿಂಗಳು ಚಾರ್ಟ್‌ನಲ್ಲಿ ನಮ್ಮ ಸೆಟ್ಟರೇ ಫಸ್ಟ್, 0.21. ನಾವು ಮೂವರೂ 0.25ರ ಮೇಲೆ ಇದ್ದೀವಿ. ಆಟ ಅವನಿಗೆ ನಿಜವಾಗಲೂ ಗೊತ್ತು. ಬೆಟ್ ಗೆಲ್ಲೋಕೆ ಅಷ್ಟು ಸಾಲಲ್ಲ, ಅಷ್ಟೇ.