ಪಕ್ಷಪಾತ ಬೇರೆ, ಪೂರ್ವಗ್ರಹ ಬೇರೆ

ಅಡಿಕೆ ಮಾರಲು ಪುತ್ತೂರು ಪೇಟೆಗೆ ಹೋದ ಕೃಷಿಕನಿಗೆ ಎರಡು ಬಗೆಯ ಅನ್ಯಾಯವಾಗಬಹುದು. ತಕ್ಕಡಿ ಒಂದು ಕಡೆಗೆ ವಾಲಿದ್ದರೆ ತೂಕದಲ್ಲಿ ನಷ್ಟವಾಗುತ್ತದೆ. ಗೋಣಿಯ ಬಾಯಿ ಬಿಚ್ಚದೆ, ಒಂದು ಅಡಿಕೆಯನ್ನೂ ತುಂಡರಿಸಿ ನೋಡದೆ, "ಆ ಊರಿನದೇ? ಅದು ಕೀಳು ಮಾಲು" ಎಂದು ವ್ಯಾಪಾರಿ ಬೆಲೆ ಕಟ್ಟಿದರೆ ಅದು ಇನ್ನೊಂದು ಬಗೆಯದು. ಮೊದಲನೆಯವನು ಮಾಲನ್ನು ನೋಡಿದ್ದಾನೆ, ಅವನ ಅಳತೆ ಓರೆಯಾಗಿದೆ. ಎರಡನೆಯವನು ನೋಡಿಯೇ ಇಲ್ಲ.

ಪಕ್ಷಪಾತಕ್ಕೂ ಪೂರ್ವಗ್ರಹಕ್ಕೂ ಇರುವ ಅಂತರ ಇದೇ. ದಿನಬಳಕೆಯ ಮಾತಿನಲ್ಲಿ ನಾವು ಇವೆರಡನ್ನು ಬೆರೆಸಿಬಿಡುತ್ತೇವೆ. ಆದರೆ ಪದಗಳೇ ಭೇದವನ್ನು ಸಾರುತ್ತವೆ. ಒಂದು ಪಕ್ಷದ ಕಡೆಗೆ ಬೀಳುವುದು ಪಕ್ಷಪಾತ. ಕಾಣುವುದಕ್ಕೆ ಮೊದಲೇ ಒಂದು ಅಭಿಪ್ರಾಯವನ್ನು ಬಿಗಿಯಾಗಿ ಹಿಡಿದಿರುವುದು ಪೂರ್ವಗ್ರಹ. ಪಕ್ಷಪಾತ ಬಹುತೇಕ ಮಮತೆಯಿಂದ ಹುಟ್ಟುತ್ತದೆ. ನಮ್ಮ ಮಗು, ನಮ್ಮ ಭಾಷೆ, ನಮ್ಮ ಊರು ಎಂಬ ಒಲವು ಸ್ವತಃ ಪಾಪವಲ್ಲ. ಹಂಚುವ ಕೈ, ತೀರ್ಪು ಕೊಡುವ ನಾಲಗೆ ಆ ಒಲವಿನ ಅಧೀನವಾದಾಗ ಅದು ಅನ್ಯಾಯವಾಗುತ್ತದೆ. ಪೂರ್ವಗ್ರಹದ ಬೇರು ಅಪರಿಚಯದಲ್ಲಿದೆ, ಪರಿಚಯ ಮಾಡಿಕೊಳ್ಳಲು ಮನಸ್ಸಿಲ್ಲದಿರುವುದರಲ್ಲಿದೆ.

ರೋಗ ಬೇರೆಯಾದ್ದರಿಂದ ಮದ್ದೂ ಬೇರೆ. ಪವಿತ್ರ ಗ್ರಂಥವು ಎರಡನ್ನೂ ತೋರಿಸಿಕೊಟ್ಟಿದೆ. ಜೆರುಸಲೇಮಿನ ಆದಿ ಧರ್ಮಸಭೆಯಲ್ಲಿ ನಿತ್ಯದ ಹಂಚಿಕೆಯ ವೇಳೆ ಗ್ರೀಕ್ ಭಾಷಿಕ ವಿಧವೆಯರನ್ನು ಕಡೆಗಣಿಸಲಾಗುತ್ತಿದೆಯೆಂಬ ದೂರು ಎದ್ದಿತೆಂದು ಪ್ರೇಷಿತರ ಕಾರ್ಯಕಲಾಪಗಳ 6ನೇ ಅಧ್ಯಾಯ ತಿಳಿಸುತ್ತದೆ. ಪ್ರೇಷಿತರು ದೂರಿದವರನ್ನು ಗದರಲಿಲ್ಲ. ಹಂಚುವವರಿಗೆ ಉಪದೇಶಿಸಿ ಸುಮ್ಮನಾಗಲೂ ಇಲ್ಲ. ಏಳು ಮಂದಿಯನ್ನು ಆರಿಸುವಂತೆ ಹೇಳಿ ಏರ್ಪಾಡನ್ನೇ ಬದಲಿಸಿದರು. ಆಯ್ಕೆಯಾದ ಏಳೂ ಹೆಸರುಗಳು ಗ್ರೀಕ್ ಹೆಸರುಗಳೆಂಬುದು ಗಮನಾರ್ಹ. ವಾಲಿದ ತಕ್ಕಡಿ ಹೀಗೆ ಸಮನಾಯಿತು.

ಪೂರ್ವಗ್ರಹದ ಉದಾಹರಣೆ ಸಂತ ಯೊವಾನ್ನರ ಶುಭಸಂದೇಶದಲ್ಲಿದೆ. ನಜರೇತಿನಿಂದ ಒಳ್ಳೆಯದೇನಾದರೂ ಬರುವುದುಂಟೇ ಎಂದು ಸಂಶಯಪಟ್ಟ ನತಾನಯೇಲನು ದೂರದವನಲ್ಲ. ನಜರೇತಿಗೆ ಸಮೀಪದ ಕಾನಾ ಊರಿನವನು. ನೆರೆಯೂರಿನ ಬಗ್ಗೆಯೇ ನಮಗೆ ಪೂರ್ವಗ್ರಹ ಹೆಚ್ಚಲ್ಲವೇ! ಫಿಲಿಪ್ಪನು ಅವನೊಡನೆ ವಾದಕ್ಕಿಳಿಯದೆ, ಬಂದು ನೋಡಲು ಕರೆದನು. ಅವನು ಎದ್ದು ಹೋದನು. ಪ್ರಭು ಯೇಸು ಅವನನ್ನು ಕಪಟವಿಲ್ಲದವನೆಂದು ಮೆಚ್ಚಿದರು. ನಿಷ್ಕಪಟಿಯ ಮನಸ್ಸಿನಲ್ಲೂ ಪೂರ್ವಗ್ರಹ ಮನೆ ಮಾಡಬಲ್ಲದೆಂಬ ಎಚ್ಚರಿಕೆ ಇಲ್ಲಿದೆ. ನಾವು ಒಳ್ಳೆಯವರೆಂಬುದು ನಮ್ಮ ತೀರ್ಪು ಸರಿಯೆಂಬುದಕ್ಕೆ ಸಾಕ್ಷಿಯಾಗದು.

ಈ ಮಾತು ನಮ್ಮ ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳಿಗೆ ಹೇಗೆ ಅನ್ವಯಿಸುತ್ತದೆ? ಇಲ್ಲಿನ ರಬ್ಬರ್ ತೋಟಗಳಲ್ಲಿ ನೆಲೆಸಿರುವ ತಮಿಳು ಕುಟುಂಬಗಳನ್ನು ನೆನೆಯೋಣ. ಬ್ರಿಟಿಷರ ಕಾಲದಲ್ಲಿ ಇವರ ಹಿರಿಯರನ್ನು ಸಿಲೋನಿನ ತೋಟಗಳ ದುಡಿಮೆಗೆ ಒಯ್ಯಲಾಗಿತ್ತು. ಅಲ್ಲಿನ 1948ರ ಪೌರತ್ವ ಕಾಯಿದೆಯಿಂದ ಅವರಲ್ಲಿ ಬಹುಪಾಲು ಮಂದಿ ಯಾವ ದೇಶಕ್ಕೂ ಸೇರದವರಾದರು. 1964ರ ಅಕ್ಟೋಬರ್ 30ರಂದು ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿ ಹಾಗೂ ಸಿರಿಮಾವೊ ಬಂಡಾರನಾಯಕೆ ಮಾಡಿಕೊಂಡ ಒಪ್ಪಂದದಂತೆ 5,25,000 ಮಂದಿಯನ್ನು ಭಾರತವೂ 3,00,000 ಮಂದಿಯನ್ನು ಸಿಲೋನೂ ಸ್ವೀಕರಿಸಬೇಕಾಯಿತು. ಹಾಗೆ ಮರಳಿದವರಲ್ಲಿ ಹಲವು ಕುಟುಂಬಗಳಿಗೆ ನಮ್ಮ ಸೀಮೆಯ ಸರಕಾರಿ ರಬ್ಬರ್ ತೋಟಗಳಲ್ಲಿ ಕೆಲಸ ದೊರೆಯಿತು. ಅವರು ಬಂದದ್ದು ಎರಡು ಸರಕಾರಗಳ ತೀರ್ಮಾನದಿಂದ. ಅವರ ಮೊಮ್ಮಕ್ಕಳು ಇಂದು ನಮ್ಮ ಶಾಲೆಗಳಲ್ಲಿ ಕನ್ನಡ ಓದುತ್ತಿದ್ದಾರೆ. ಆದರೂ "ಅವರು ಹೊರಗಿನವರು, ಅವರ ಜಾಯಮಾನವೇ ಹಾಗೆ" ಎಂಬ ಮಾತು ನಮ್ಮ ಅಂಗಳಗಳಲ್ಲಿ ಇನ್ನೂ ಕೇಳಿಬರುತ್ತದೆ.

ವಿದ್ಯಾರ್ಥಿ ಸಹಾಯಧನಕ್ಕಾಗಿ ನಮ್ಮ ಮುಂದೆ ಒಮ್ಮೆ ಮೂರು ಅರ್ಜಿಗಳು ಬಂದವು. ಹಣ ಇಬ್ಬರಿಗೆ ಮಾತ್ರ ಸಾಲುತ್ತಿತ್ತು. ನಮಗೆ ಅರಿವಿಲ್ಲದೆಯೇ ಪರಿಚಯದ, ನಮ್ಮದೇ ಕೊಂಕಣಿ ಮಾತಾಡುವ ಮನೆಗಳ ಎರಡು ಅರ್ಜಿಗಳನ್ನು ಮೇಲಿಟ್ಟೆವು. ಇದು ನಮ್ಮ ಪಕ್ಷಪಾತ. ಮೂರನೆಯದು ರಬ್ಬರ್ ಹಾಲು ತೆಗೆಯುವ ತಮಿಳು ಕಾರ್ಮಿಕರೊಬ್ಬರ ಮಗಳದು. "ಆ ಜನ ಓದು ಪೂರೈಸುವುದಿಲ್ಲ, ಕೊಟ್ಟದ್ದು ವ್ಯರ್ಥ" ಎಂದರು ಸಭೆಯಲ್ಲಿದ್ದ ಹಿರಿಯರೊಬ್ಬರು. ಅವರು ಅಂಕಪಟ್ಟಿಯನ್ನು ತೆರೆದಿರಲಿಲ್ಲ. ಇದು ಪೂರ್ವಗ್ರಹ. ತೆರೆದಾಗ ಮೂವರಲ್ಲಿ ಹೆಚ್ಚು ಅಂಕ ಆ ಹುಡುಗಿಯದೇ ಆಗಿತ್ತು. ಮುಂದಿನ ವರ್ಷದಿಂದ ಹೆಸರು ಮರೆಮಾಡಿ, ಅಂಕ ಮತ್ತು ಆದಾಯ ಮಾತ್ರ ನೋಡುವ ಕ್ರಮ ತಂದೆವು. ನಮ್ಮ ಓರೆಗೆ ಅದು ಮದ್ದಾಯಿತು. ಆದರೆ ಆ ಹಿರಿಯರ ಅಭಿಪ್ರಾಯವನ್ನು ಯಾವ ನಿಯಮವೂ ಬದಲಿಸಲಿಲ್ಲ. ಒಂದು ಆದಿತ್ಯವಾರ ಬಲಿಪೂಜೆಯ ಬಳಿಕ ಅವರನ್ನು ಆ ಮನೆಗೆ ಕರೆದೊಯ್ದೆವು. ಚಹಾ ಕುಡಿದು, ಆ ತಂದೆ ಬೆಳಗಿನ ಜಾವ ಎದ್ದು ಮರಗಳ ನಡುವೆ ದುಡಿಯುವ ಕಥೆ ಕೇಳಿ ಹಿಂದಿರುಗುವಾಗ ಅವರು ದಾರಿಯುದ್ದಕ್ಕೂ ಮೌನವಾಗಿದ್ದರು. ಮರುವರ್ಷ ಆ ಹುಡುಗಿಯ ಶುಲ್ಕದ ಕುರಿತು ನಮ್ಮಲ್ಲಿ ಮೊದಲು ವಿಚಾರಿಸಿದವರು ಅವರೇ.

ಸಂದೇಹವಿರುವಲ್ಲಿ ಪರರ ಬಗ್ಗೆ ಒಳ್ಳೆಯದನ್ನೇ ಎಣಿಸಬೇಕೆಂದು ಸಂತ ಥಾಮಸ್ ಅಕ್ವಿನಾಸರು 13ನೇ ಶತಮಾನದಲ್ಲಿ ಬೋಧಿಸಿದರು. ಕೆಟ್ಟವನನ್ನು ಒಳ್ಳೆಯವನೆಂದು ನಂಬಿ ಹಲವು ಸಲ ಮೋಸಹೋಗುವುದು, ಒಳ್ಳೆಯವನೊಬ್ಬನನ್ನು ಕೆಟ್ಟವನೆಂದು ತಿಳಿದು ತಪ್ಪುವುದಕ್ಕಿಂತ ಮೇಲು ಎಂಬುದು ಅವರ ವಾದ. ಮೊದಲನೆಯದರಲ್ಲಿ ಯಾರ ಮಾನಕ್ಕೂ ಕುಂದಿಲ್ಲ. ಎರಡನೆಯದರಲ್ಲಿ ನಿರಪರಾಧಿಗೆ ಅನ್ಯಾಯವಿದೆ.

ಆದುದರಿಂದ ಪ್ರಿಯ ವಾಚಕರೇ, ಈ ವಾರ ಆತ್ಮಶೋಧನೆಗೆ ಕುಳಿತಾಗ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿಯೇ ಕೇಳಿಕೊಳ್ಳೋಣ. ನಮ್ಮ ತಕ್ಕಡಿ ಯಾರ ಕಡೆಗೆ ವಾಲಿದೆ? ಗೋಣಿ ಬಿಚ್ಚದೆಯೇ ನಾವು ಯಾರಿಗೆ ಬೆಲೆ ಕಟ್ಟಿದ್ದೇವೆ? ಮೊದಲನೆಯದಕ್ಕೆ ಉತ್ತರ ಸಿಕ್ಕರೆ ನಮ್ಮ ಕ್ರಮವನ್ನು ತಿದ್ದಿಕೊಳ್ಳೋಣ. ಎರಡನೆಯದಕ್ಕೆ ಸಿಕ್ಕರೆ ಚಪ್ಪಲಿ ಮೆಟ್ಟಿ ಆ ಮನೆಯ ತನಕ ನಡೆಯೋಣ.