ಬಿಸ್ಕತ್ತಿನ ಚಾಕೊಲೇಟ್ ಮಿಠಾಯಿ ಹಲ್ಲಿಗೆ ಅಂಟುವುದೇಕೆ?

ಪ್ರಶ್ನೆ: ಕ್ರಿಸ್‌ಮಸ್‌ಗೆಂದು ಉಪ್ಪು ಬಿಸ್ಕತ್ತಿನ ಮೇಲೆ ಬೆಣ್ಣೆ-ಸಕ್ಕರೆ ಪಾಕ ಸುರಿದು ಚಾಕೊಲೇಟ್ ಹರಡಿದೆ. ಗರಿಗರಿಯಾಗದೆ ಹಲ್ಲಿಗೆ ಅಂಟುತ್ತದೆ, ಏಕೆ?
– ಓದುಗರು, ಅಮರಗೋಳ

ಉತ್ತರ: ಪಾಕ ಎಳೆಯದಾಗಿದ್ದಾಗಲೇ ಇಳಿಸಿದ್ದೀರಿ. ಸುಮಾರು 150 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಪಾಕದಲ್ಲಿ ನೀರು ಬಹುತೇಕ ಆವಿಯಾಗಿರುತ್ತದೆ. ಆರಿದರೆ ಗಾಜಿನಂತೆ ಮುರಿಯುತ್ತದೆ. 120ಕ್ಕೇ ಇಳಿಸಿದರೆ ಉಳಿದ ನೀರು ಅದನ್ನು ಮೆತ್ತಗಿಡುತ್ತದೆ. ಥರ್ಮಾಮೀಟರ್ ಇಲ್ಲವೇ? ಶೇಂಗಾ ಚಿಕ್ಕಿಗೆ ಮಾಡುವ ಪರೀಕ್ಷೆಯೇ ಸಾಕು: ತಣ್ಣೀರಿಗೆ ಒಂದು ಹನಿ ಬಿಟ್ಟು ಎತ್ತಿ ಮುರಿಯಿರಿ, ‘ಟಕ್’ ಎನ್ನಬೇಕು. ಬಾಗಿದರೆ ಇನ್ನಷ್ಟು ಕುದಿಸಿ.

ಬಿಸಿ ಪಾಕದ ಮೇಲೆಯೇ ಚಾಕೊಲೇಟ್ ಚೂರು ಉದುರಿಸಿ, ಕರಗಿದೊಡನೆ ಸವರಿ. ಕೋಕೋ ಬೆಣ್ಣೆ 34 ಡಿಗ್ರಿಯ ಆಸುಪಾಸಿನಲ್ಲೇ ಕರಗುವುದರಿಂದ ಮತ್ತೆ ಒಲೆಯ ಹಂಗಿಲ್ಲ. ಪೂರ್ತಿ ಆರಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಗೆ ತುಂಬಿ. ಗಾಳಿಯ ತೇವ ಹೀರಿದರೆ ಸಕ್ಕರೆ ಮತ್ತೆ ಅಂಟುತ್ತದೆ.