ತೆಳ್ಳಗಿದ್ದ ಮಾತ್ರಕ್ಕೆ: ಬಸುರಿನ ತೂಕ, ರಕ್ತದ ಸಕ್ಕರೆ ಮತ್ತು ನಮ್ಮ ಮಾತು

ಕನ್ನಡ ಎಂ.ಎ. ಓದುವವಳು ರಕ್ತದ ಸಕ್ಕರೆ ಬಗ್ಗೆ ಯಾಕೆ ಮಾತಾಡ್ತಾಳೆ ಅಂತ ನಿಮಗೆ ಅನ್ನಿಸಬಹುದು. ನಾನು ವಯನಾಡಿನವಳು. ನನ್ನ ಅಕ್ಕ ಬಸುರಿಯಾಗಿದ್ದಾಗ ಮನೆಯ ಹಿರಿಯರೆಲ್ಲ ಹೇಳಿದ್ದು ಒಂದೇ ಮಾತು: "ಕಡ್ಡಿ ಹಾಗಿದ್ದಾಳೆ, ಇವಳಿಗೆಲ್ಲಿಯ ಸಕ್ಕರೆ ಕಾಯಿಲೆ? ಎರಡು ಜೀವ, ಚೆನ್ನಾಗಿ ಉಣ್ಣಲಿ." ಈ ಮಾತಿನಲ್ಲಿ ಪ್ರೀತಿ ಇದೆ, ಜೊತೆಗೆ ಒಂದು ತಪ್ಪು ಗ್ರಹಿಕೆಯೂ ಇದೆ. ಅದನ್ನೇ ಇವತ್ತು ಬಿಡಿಸಿ ನೋಡೋಣ.

ಮೊದಲು ದೇಹದ ಲೆಕ್ಕ. ಬಸುರಿನ ಆರಂಭದಲ್ಲಿ ಬರಿಹೊಟ್ಟೆಯ ಸಕ್ಕರೆ ಸ್ವಲ್ಪ ಇಳಿಯುತ್ತದೆ. ಆಮೇಲೆ ಮಾಸು, ಅಂದರೆ ಪ್ಲಾಸೆಂಟಾ, ಸ್ರವಿಸುವ ಹಾರ್ಮೋನುಗಳು ತಾಯಿಯ ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತವೆ. ಮಗುವಿಗೆ ಗ್ಲೂಕೋಸ್ ಸಾಕಷ್ಟು ಸಿಗಲು ಇದು ಸಹಾಯ ಮಾಡುತ್ತದೆ. ಆಗ ಮೇದೋಜೀರಕ ಗ್ರಂಥಿ ಹೆಚ್ಚು ಇನ್ಸುಲಿನ್ ತಯಾರಿಸಿ ಸರಿದೂಗಿಸಬೇಕು. ಅದು ಆಗದಿದ್ದರೆ ಗರ್ಭಾವಧಿಯ ಮಧುಮೇಹ.

ಇಲ್ಲಿ ತೂಕದ ಪಾತ್ರ ಏನು? ತೂಕ ಹೆಚ್ಚಿದ್ದರೆ ಅಪಾಯ ಹೆಚ್ಚು, ನಿಜ. ಆದರೆ ಅಷ್ಟೇ ತೂಕದ ಯುರೋಪಿನವರಿಗಿಂತ ನಮ್ಮವರ ಮೈಯಲ್ಲಿ ಕೊಬ್ಬಿನ ಪಾಲು ಜಾಸ್ತಿ. ಹಾಗಾಗಿಯೇ ದೇಹತೂಕ ಸೂಚ್ಯಂಕ 25 ದಾಟಿದರೆ ಎಚ್ಚರಿಕೆ ಅನ್ನುವ ಗೆರೆಯನ್ನು ಏಷ್ಯಾದವರಿಗೆ 23ಕ್ಕೆ ಇಳಿಸಿದ್ದಾರೆ. ತಕ್ಕಡಿ ಸುಳ್ಳು ಹೇಳುವುದಿಲ್ಲ, ಪೂರ್ತಿ ನಿಜವನ್ನೂ ಹೇಳುವುದಿಲ್ಲ.

ನಮ್ಮ ವಯನಾಡಿನಿಂದ ಹೊರಟ ಕಬಿನಿ ಸೇರುವ ಮೈಸೂರು ಸೀಮೆಯಲ್ಲೇ ಇದಕ್ಕೆ ಸಾಕ್ಷಿ ಇದೆ. ಅಲ್ಲಿಯ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997-98ರಲ್ಲಿ ಶುರುವಾದ 'ಪಾರ್ಥೆನಾನ್' ಅಧ್ಯಯನದಲ್ಲಿ 785 ಬಸುರಿಯರಿಗೆ ಗ್ಲೂಕೋಸ್ ಪರೀಕ್ಷೆ ಮಾಡಿದರು. ಶೇ. 6.2ರಷ್ಟು ಮಂದಿಗೆ ಗರ್ಭಾವಧಿಯ ಮಧುಮೇಹ ಕಂಡುಬಂತು. ನನಗೆ ಮುಖ್ಯ ಅನ್ನಿಸಿದ್ದು ಉಳಿದವರ ಕಥೆ: ಮಧುಮೇಹ ಇಲ್ಲದ ತಾಯಂದಿರಲ್ಲೂ ಬರಿಹೊಟ್ಟೆಯ ಸಕ್ಕರೆ ಏರಿದಂತೆಲ್ಲ ಮಗುವಿನ ತೂಕವೂ ಏರಿತ್ತು. ಅಂದರೆ 'ಆರೋಗ್ಯ' ಮತ್ತು 'ಕಾಯಿಲೆ' ನಡುವೆ ಗೋಡೆ ಇಲ್ಲ, ಇಳಿಜಾರು ಇದೆ.

ಹಾಗಾದರೆ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಒಂದೇ ಸಾಲದೇ? ಸಾಲದು. ಅದು ಕೆಂಪು ರಕ್ತಕಣಕ್ಕೆ ಅಂಟಿದ ಸಕ್ಕರೆಯ ಅಳತೆ. ಬಸುರಿನಲ್ಲಿ ಕಣಗಳು ಬೇಗ ಬದಲಾಗುವುದರಿಂದ ಅಂಕಿ ತಗ್ಗುತ್ತದೆ. ಕಬ್ಬಿಣದ ಕೊರತೆಯಿದ್ದರೆ ಏರಬಹುದು. ವಯನಾಡಿನ ಪಣಿಯ, ವಯನಾಡನ್ ಚೆಟ್ಟಿ ಮುಂತಾದ ಸಮುದಾಯಗಳಲ್ಲಿ ಸಿಕಲ್ ಸೆಲ್ ರಕ್ತಹೀನತೆ ಇದೆ. ಆ ಕಾಯಿಲೆಯಲ್ಲಿ ಕಣಗಳು ಬೇಗ ಸಾಯುತ್ತವೆ, ಅಂಕಿಯನ್ನು ನಂಬುವಂತೆಯೇ ಇಲ್ಲ.

ಆದ್ದರಿಂದ ಗ್ಲೂಕೋಸ್ ಕುಡಿಸಿ ನೋಡುವ ಪರೀಕ್ಷೆಯೇ ಆಧಾರ. ನಮ್ಮ ರಾಷ್ಟ್ರೀಯ ಮಾರ್ಗಸೂಚಿಯಂತೆ ಊಟ ಮಾಡಿದ್ದರೂ ಸರಿ, ಬಿಟ್ಟಿದ್ದರೂ ಸರಿ, 75 ಗ್ರಾಂ ಗ್ಲೂಕೋಸ್ ನೀರಿನಲ್ಲಿ ಕುಡಿಸಿ ಎರಡು ಗಂಟೆಯ ನಂತರ ರಕ್ತ ನೋಡುತ್ತಾರೆ. 140 ಮಿಲಿಗ್ರಾಂ ಅಥವಾ ಹೆಚ್ಚಿದ್ದರೆ ಮಧುಮೇಹ. ಮೊದಲ ಭೇಟಿಯಲ್ಲೊಮ್ಮೆ, ಆಗ ಸರಿಯಿದ್ದರೂ 24ರಿಂದ 28ನೇ ವಾರದಲ್ಲಿ ಮತ್ತೊಮ್ಮೆ.

ಲೆಕ್ಕ ಹಾಕಿ ನೋಡಿ, ಹೆಚ್ಚುಕಡಿಮೆ ಅದೇ ಹೊತ್ತಿಗೆ ನಮ್ಮಲ್ಲಿ ಏಳನೇ ತಿಂಗಳ ಸೀಮಂತ. ಅಕ್ಕನ ಎರಡನೇ ಪರೀಕ್ಷೆ ಆ ಸಂಭ್ರಮದಲ್ಲಿ ಮರೆತೇಹೋಗಿತ್ತು. ತಡವಾಗಿ ಮಾಡಿಸಿದಾಗ ಸಕ್ಕರೆ ಗೆರೆ ದಾಟಿತ್ತು. ಊಟದ ಪಥ್ಯ, ನಡಿಗೆಯಿಂದಲೇ ಹತೋಟಿಗೆ ಬಂತು. ಅಕ್ಕ, ಮಗು ಇಬ್ಬರೂ ಚೆನ್ನಾಗಿದ್ದಾರೆ. ಮಡಿಲು ತುಂಬುವ ಶಾಸ್ತ್ರ ಬಿಡಬೇಕಿಲ್ಲ. ಬಳೆ ತೊಡಿಸುವ ಕೈಗಳೇ "ಪರೀಕ್ಷೆ ಆಯ್ತಾ ಮಗಳೇ?" ಅಂತ ಕೇಳಿದರೆ ಸಾಕು.